ಬಿಟ್ಟ ಮೀನಿನ ಪುಣ್ಯ ಯಾರಿಗೆ?

ಈ ಸಲದ ಬರಹ ಕೆಲವರಿಗೆ ಖಾರವೆನಿಸಬಹುದು. ವಯಸ್ಸಾದ ಮಾಸ್ತರರ ಸಿಟ್ಟು ಎಂದು ತಿಳಿದು ಓದಿರಿ. ಆದರೆ ಪೂರ್ತಿ ಓದಿರಿ.

ಕಳೆದ ಜುಲೈ ತಿಂಗಳ ಒಂದು ಭಾನುವಾರ. ದಿಗ್ಗೇವಾಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಕೃಷ್ಣೆ ಎಷ್ಟು ಏರಿದ್ದಾಳೆ, ಕೊಯ್ನಾದಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂಬ ಮಾತಿನಲ್ಲಿದ್ದೆವು. ಆಗ ಮೊಬೈಲಿಗೆ ಒಂದು ಚಿತ್ರ ಬಂದಿತು. ಕಳಿಸಿದವನು ನನ್ನ ಹಳೆಯ ವಿದ್ಯಾರ್ಥಿ, ನಮ್ಮೂರವನೇ, ಈಗ ಪುಣೆಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಹೆಸರು ಬರೆಯುವುದಿಲ್ಲ, ಬಲ್ಲವರು ಬಲ್ಲಿರಿ. ಕುಮಟಾ ತಾಲೂಕಿನ ತದಡಿಯ ಹತ್ತಿರ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ, ಸುರಿಯುವ ಮಳೆಯಲ್ಲಿ ನಿಂತಿದ್ದಾನೆ. ಕೈಯಲ್ಲಿ ಇಕ್ಕಳದಂಥ ಒಂದು ಸಾಧನ. ಅದರ ತುದಿಗೆ ಕೆಳದವಡೆಯಿಂದ ನೇತುಬಿದ್ದ ಬೆಳ್ಳಿಬಣ್ಣದ ಒಂದು ದೊಡ್ಡ ಮೀನು. ಕೆಳಗೆ ಬರೆದಿದ್ದ: ‘ಗುರುಗಳ, ಮೂರೂವರೆ ಅಡಿ, ಹದಿನಾಕ ಕಿಲೋ. ಫೋಟೋ ತಕ್ಕೊಂಡು ಬಿಟ್ಟೇನ್ರಿ. ಪುಣ್ಯಾ ನಮಗ, ಜೀವಾ ಅದಕ್ಕ.’

ಪಕ್ಕದಲ್ಲಿ ಕುಳಿತಿದ್ದ ನನ್ನ ತಮ್ಮ ಕನ್ನಡಕ ಏರಿಸಿ ಚಿತ್ರ ನೋಡಿ, ‘ಅಣ್ಣಾ, ನಿನ್ನ ಶಿಷ್ಯಾ ಎಂಥಾ ಪಾಪದ ಕೆಲಸಾ ಮಾಡ್ಯಾನ ನೋಡು. ತಿನ್ನಾಕಾದ್ರೂ ಹಿಡದಿದ್ರ ಮಾತ ಬ್ಯಾರೆ. ಆಟಕ್ಕಂತ ಹಿಡದಾನ!’ ಎಂದು ಬಾಯಿ ಚಪ್ಪರಿಸಿದ.

ಒಬ್ಬನಿಗೆ ಪುಣ್ಯ, ಇನ್ನೊಬ್ಬನಿಗೆ ಪಾಪ. ಇಬ್ಬರೂ ಆ ಮೀನಿನ ವಿಷಯವಾಗಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ತಕರಾರು ಇಬ್ಬರ ಮೇಲೆಯೂ ಇದೆ; ಶಿಷ್ಯನ ಮೇಲೆ ಹೆಚ್ಚು, ಏಕೆಂದರೆ ಅವನು ಓದಿದವನು.

ನಮ್ಮ ಮನೆಯಲ್ಲಿ ಮೀನು ಒಲೆಯೇರಿದ್ದಿಲ್ಲ. ಇಂಥವನಿಗೆ ಅಳಿವೆಯ ಮಾತೇಕೆ ಎಂದು ಕೇಳುವವರಿಗೆ ನನ್ನ ನೌಕರಿಯ ಒಂದು ಭಾಗವನ್ನು ನೆನಪಿಸಬೇಕು. ೧೯೭೯ರಿಂದ ಏಳು ವರ್ಷ ನಾನು ಕುಮಟಾ ತಾಲೂಕಿನ ಹೊಳೆದಂಡೆಯ ಒಂದು ಶಾಲೆಯಲ್ಲಿದ್ದೆ. ಕುಡಚಿಯಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬಸ್ಸು ಹಿಡಿದು, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ನನ್ನ ಹೊಟ್ಟೆಯೂ ಇಳಿದಂತಾಗಿತ್ತು. ಜೋಳದ ರೊಟ್ಟಿಯ ನಾಡಿನಿಂದ ಕುಚ್ಚಲಕ್ಕಿಯ ನಾಡಿಗೆ ಹೋದವನು ಮೊದಲ ಮಳೆಗಾಲದಲ್ಲಿಯೇ ವರ್ಗಾವಣೆಯ ಅರ್ಜಿ ಬರೆದಿಟ್ಟುಕೊಂಡಿದ್ದೆ. ಅದನ್ನು ಕಳಿಸಲಿಲ್ಲ.

ತರಗತಿಯಲ್ಲಿ ಅಂಬಿಗರ, ಹರಿಕಂತ್ರರ, ಹಾಲಕ್ಕಿಗಳ ಮಕ್ಕಳಿದ್ದರು. ಎರಡನೆಯ ವರ್ಷ ಹಾಜರಿ ಪುಸ್ತಕ ತಿರುವಿಹಾಕುವಾಗ ನನಗೊಂದು ವಿಚಿತ್ರ ಕಂಡಿತು. ಎಂಟನೆಯ ಇಯತ್ತೆಯ ಒಬ್ಬ ಹುಡುಗನ ಗೈರುಹಾಜರಿಗಳೆಲ್ಲ ಗುಂಪುಗುಂಪಾಗಿದ್ದವು. ಹದಿನಾಲ್ಕು ಹದಿನೈದು ದಿನಕ್ಕೊಮ್ಮೆ ಮೂರು ನಾಲ್ಕು ದಿನ ಅವನ ಪತ್ತೆಯಿರುತ್ತಿರಲಿಲ್ಲ. ಗೋಡೆಯ ಪಂಚಾಂಗದೊಡನೆ ತಾಳೆ ನೋಡಿದೆ. ಅಮಾವಾಸ್ಯೆ, ಹುಣ್ಣಿಮೆ, ಅಮಾವಾಸ್ಯೆ, ಹುಣ್ಣಿಮೆ. ದೊಡ್ಡ ಉಬ್ಬರದ ದಿನಗಳಲ್ಲಿ ಅವನು ತಂದೆಯೊಂದಿಗೆ ದೋಣಿಯಲ್ಲಿರುತ್ತಿದ್ದ. ಸೂರ್ಯಚಂದ್ರರು ಒಂದೇ ಸಾಲಿಗೆ ಬಂದಾಗ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆಂದು ನಾನು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಚಿತ್ರ ಬರೆದು ಕಲಿಸುತ್ತಿದ್ದೆ. ನನ್ನ ಪುಸ್ತಕದಲ್ಲಿ ಆ ಪಾಠವನ್ನು ಆ ಹುಡುಗ ಗೈರುಹಾಜರಿಯಿಂದಲೇ ಬರೆದಿಟ್ಟಿದ್ದ.

ದೂರು ಹೇಳಲು ಅವರ ಮನೆಗೆ ಹೋದೆ. ತಂದೆ ಒಂದು ಮರದ ತುಂಡಿಗೆ ನೈಲಾನ್ ದಾರ ಸುತ್ತುತ್ತಿದ್ದರು. ದೂರು ಅರ್ಧಕ್ಕೇ ನಿಂತಿತು. ಸಂಜೆ ದೋಣಿಯಲ್ಲಿ ಕೂರಿಸಿ, ಗಾಳಕ್ಕೆ ಶೆಟ್ಲಿ ಚುಚ್ಚಿ, ದಾರವನ್ನು ನನ್ನ ತೋರುಬೆರಳ ಮೇಲೆ ಇಟ್ಟರು. ನಾನು ಹೆದರಿ ಮುಷ್ಟಿ ಬಿಗಿದಾಗ ಹುಡುಗ ನಕ್ಕು, ‘ಬಿಗಿ ಹಿಡೂಕಾಗ ಸರ್’ ಎಂದ. ಬಿಗಿಯಾಗಿ ಹಿಡಿಯಬಾರದು, ಮೀನು ಮುಟ್ಟಿದ್ದು ಬೆರಳಿಗೆ ತಿಳಿಯಬೇಕು. ಗೇಣುದ್ದದ ಒಂದು ಕಾಣೆ ಮೀನು ಬಂದಿತು. ಅದನ್ನು ಅವರ ಮನೆಗೇ ಕೊಟ್ಟು ಬಂದೆ. ಆ ಕ್ಷಣ ದಾರದಲ್ಲಿ ಹರಿದು ಬಂದ ನಡುಕ ನಲವತ್ತೈದು ವರ್ಷಗಳ ನಂತರವೂ ಬೆರಳಿನಲ್ಲಿದೆ. ಆದ್ದರಿಂದ ಗಾಳದ ಸುಖ ನನಗೆ ಗೊತ್ತಿಲ್ಲವೆಂದು ಯಾರೂ ಹೇಳಬೇಡಿ. ಆ ಸುಖವನ್ನು ನಾನು ಪಾಪವೆನ್ನುವುದಿಲ್ಲ.

ಅದೇ ದೋಣಿಯಲ್ಲಿ ಆ ಅಂಬಿಗರು ಹೇಳಿದ ಇನ್ನೊಂದು ಮಾತು ಈ ಬರಹಕ್ಕೆ ಕಾರಣ. ಮಳೆಗಾಲದಲ್ಲಿ ಅಳಿವೆಯ ಬಾಯಿಗೆ ದೊಡ್ಡ ಕುರುಡೆ ಮೀನು ಬರುತ್ತದೆ. ದೊಡ್ಡದನ್ನು ಸೀಳಿದಾಗಲೆಲ್ಲ ಹೊಟ್ಟೆಯಲ್ಲಿ ತತ್ತಿಯೇ. ದೊಡ್ಡ ಗಂಡು ಕುರುಡೆಯನ್ನು ತಾನು ಕಂಡದ್ದೇ ಇಲ್ಲ. ನಾನು ಅದನ್ನು ದೋಣಿಯ ಮೇಲಿನ ಕಟ್ಟುಕತೆ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ಮಾಸ್ತರಿಕೆಯ ಅಹಂಕಾರ. ಬಹಳ ವರ್ಷಗಳ ಮೇಲೆ ಓದಿದಾಗ ತಿಳಿಯಿತು, ನಗಬೇಕಾದವರು ಅವರು.

ಕುರುಡೆ ಎಂದರೆ ಪೇಟೆಯವರು ಸೀಬಾಸ್ ಎನ್ನುವ, ಆಸ್ಟ್ರೇಲಿಯದವರು ಬಾರಾಮುಂಡಿ ಎನ್ನುವ ಮೀನು. ಸಿಹಿನೀರಿನಲ್ಲಿಯೂ ಉಪ್ಪುನೀರಿನಲ್ಲಿಯೂ ಬದುಕಬಲ್ಲದು, ಆದರೆ ತತ್ತಿಯಿಡಲು ಅಳಿವೆಯ ಉಪ್ಪುನೀರಿಗೇ ಬರಬೇಕು. ಅದರ ಬಾಳಿನ ವಿಚಿತ್ರವೆಂದರೆ, ಸಾಮಾನ್ಯವಾಗಿ ಅದು ಮೊದಲು ಗಂಡಾಗಿ ಪ್ರಾಯಕ್ಕೆ ಬರುತ್ತದೆ. ಕೆಲವು ವರ್ಷ ಗಂಡಾಗಿಯೇ ಇದ್ದು, ಆರೇಳು ವರ್ಷದ ಹೊತ್ತಿಗೆ, ಮೂರಡಿಯ ಆಸುಪಾಸಿಗೆ ಬೆಳೆದಾಗ ಹೆಣ್ಣಾಗಿ ಮಾರ್ಪಡುತ್ತದೆ. ಅಂದರೆ ಚಿಕ್ಕವೆಲ್ಲ ಹೆಚ್ಚಾಗಿ ಗಂಡು, ಬಹಳ ದೊಡ್ಡವೆಲ್ಲ ಹೆಣ್ಣು. ಇಂಥ ಒಂದು ತಾಯಿ ಲಕ್ಷಗಟ್ಟಲೆ, ಬಹಳ ದೊಡ್ಡದಾದರೆ ಕೋಟಿಗಟ್ಟಲೆ ತತ್ತಿಯಿಡಬಲ್ಲದು. ಅದು ತತ್ತಿಯಿಡುವುದು ನಮ್ಮ ಕಡೆ ಮಳೆಗಾಲದಲ್ಲಿ, ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರದ ಸುತ್ತಮುತ್ತ.

ಈಗ ಆ ಚಿತ್ರವನ್ನು ಮತ್ತೆ ನೋಡಿರಿ. ಜುಲೈ ತಿಂಗಳು. ಅಳಿವೆಯ ಬಾಯಿ. ಮೂರೂವರೆ ಅಡಿ. ಹದಿನಾಲ್ಕು ಕಿಲೋ. ನನ್ನ ಶಿಷ್ಯ ಹೆಮ್ಮೆಯಿಂದ ದವಡೆ ಹಿಡಿದು ತೂಗಿಸಿದ್ದು ಹೆರಿಗೆಗೆ ಬಂದವಳನ್ನು. ಅದಕ್ಕೆ ಅವನು ಪುಣ್ಯವೆಂದು ಹೆಸರಿಟ್ಟ.

‘ಬಿಟ್ಟೆನಲ್ಲ’ ಎಂಬುದೇ ಇಂಥವರ ಏಕೈಕ ಉತ್ತರ. ಬಿಡುವುದೆಂದರೆ ಬದುಕಿಸುವುದೆಂದು ಯಾರು ಹೇಳಿದರು? ಗಾಳಕ್ಕೆ ಸಿಕ್ಕು ಹದಿನೈದು ನಿಮಿಷ ಸೆಣಸಿದ ಮೀನಿನ ಸ್ನಾಯುಗಳಲ್ಲಿ, ಓಟದ ಪಂದ್ಯ ಮುಗಿಸಿದ ಹುಡುಗನ ಕಾಲಿನಲ್ಲಿ ತುಂಬಿಕೊಳ್ಳುವಂತೆಯೇ, ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿರುತ್ತದೆ. ಹುಡುಗ ಕುಳಿತು ಏದುಸಿರು ಬಿಟ್ಟು ಸುಧಾರಿಸಿಕೊಳ್ಳುತ್ತಾನೆ. ಮೀನಿಗೆ ಏದುಸಿರು ಅತ್ಯಗತ್ಯವಾದ ಆ ಕ್ಷಣದಲ್ಲೇ ನಾವು ಅದನ್ನು ನೀರಿನಿಂದ ಎತ್ತುತ್ತೇವೆ, ಚಿತ್ರಕ್ಕಾಗಿ! ಬೆಚ್ಚಗಿನ ನೀರಿನಲ್ಲಿ ಕರಗುವ ಆಮ್ಲಜನಕವೂ ಕಡಿಮೆ. ಒಣ ಕೈಯಿಂದ ಹಿಡಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಆ ಲೋಳೆಯೇ ಅದಕ್ಕೆ ರೋಗ ತಡೆಯುವ ಹೊದಿಕೆ. ಹದಿನಾಲ್ಕು ಕಿಲೋ ತೂಕದ ಪ್ರಾಣಿ ತನ್ನ ಜೀವಮಾನದಲ್ಲಿ ಎಂದೂ ತನ್ನ ಭಾರವನ್ನು ದವಡೆಯಿಂದ ಹೊತ್ತಿರುವುದಿಲ್ಲ, ನೀರೇ ಅದನ್ನು ಹೊತ್ತಿರುತ್ತದೆ. ನೇತುಹಾಕಿದಾಗ ದವಡೆಯ ಕೀಲಿಗೂ ಒಳಗಿನ ಅಂಗಗಳಿಗೂ ಏಟು ಬೀಳಬಹುದು. ಅದು ಬಾಲ ಬೀಸಿ ಹೋದದ್ದನ್ನು ನೀನು ಕಂಡೆ. ಮರುದಿನ ಅದು ಎಲ್ಲಿತ್ತು, ಕಂಡೆಯಾ?

ಹಾಗೆಂದು ಬಿಡುವುದೇ ತಪ್ಪೆಂದು ನಾನು ಹೇಳುವುದಿಲ್ಲ. ನೀರಿನೊಳಗೇ ಇಟ್ಟು, ಒದ್ದೆ ಕೈಯಿಂದ, ಮುಳ್ಳಿಲ್ಲದ ಒಂಟಿ ಗಾಳ ಬಳಸಿ, ಬೇಗ ಬಿಟ್ಟ ಮೀನು ಬದುಕುವ ಸಂಭವ ಬಹಳ ಹೆಚ್ಚು. ಆದರೆ ಅದು ಕಲಿಯಬೇಕಾದ ಕೌಶಲ. ತಾನಾಗಿ ಬರುವ ಪುಣ್ಯವಲ್ಲ. ಸ್ವಿಟ್ಜರ್ಲೆಂಡಿನ ಕಾಯ್ದೆಯಂತೂ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿದೆ. ಹಿಡಿದರೆ ತಿನ್ನಲು ಹಿಡಿ, ಆಟಕ್ಕಾಗಿ ನೋಯಿಸಬೇಡ ಎಂಬ ವಾದ. ನನ್ನ ತಮ್ಮ ಅಲ್ಲಿ ಹುಟ್ಟಬೇಕಿತ್ತು.

ಶಿಷ್ಯನ ಎರಡನೆಯ ವಾದ: ‘ಕಾಯದೇ ಇಲ್ಲಲ್ರೀ ಗುರುಗಳ.’ ಈ ಮಾತು ಬಹುಮಟ್ಟಿಗೆ ನಿಜ, ಅದೇ ನಾಚಿಕೆಯ ಸಂಗತಿ. ೧೯೮೬ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಮೀನುಗಾರಿಕೆಯ ದೋಣಿಗಳ ಕುರಿತಾದದ್ದು. ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ೬೧ ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ತದಡಿಯ ಬಂದರಿನಲ್ಲಿ ಆ ಎರಡು ತಿಂಗಳು ಬೋಟುಗಳು ಒತ್ತೊತ್ತಾಗಿ ನಿಂತು ಮಳೆಯಲ್ಲಿ ನೆನೆಯುತ್ತವೆ. ಅವುಗಳ ಮೇಲಿನ ಕೆಲಸಗಾರರು ಕೂಲಿಯಿಲ್ಲದೆ ಕೂರುತ್ತಾರೆ. ಯಾರಿಗಾಗಿ? ಮೀನು ಮರಿಹಾಕಲಿ ಎಂದು. ಅದೇ ಎರಡು ತಿಂಗಳಲ್ಲಿ, ಅದೇ ಬಂದರಿನ ಎದುರಿನ ದಂಡೆಯಲ್ಲಿ, ಹೊಟ್ಟೆಪಾಡಿನ ಯಾವ ಒತ್ತಾಯವೂ ಇಲ್ಲದ ಒಬ್ಬ ಎಂಜಿನಿಯರು ತತ್ತಿ ತುಂಬಿದ ತಾಯಿಯನ್ನು ಹಿಡಿದು ಚಿತ್ರ ತೆಗೆಸಿಕೊಳ್ಳುತ್ತಾನೆ. ಆ ಬೋಟಿನ ಕೂಲಿಯವನು ಅವನನ್ನು ನೋಡಿ ಏನೆಂದುಕೊಳ್ಳಬೇಕು?

ಬೇರೆ ದೇಶಗಳಲ್ಲಿ ಹೀಗಿಲ್ಲ. ಇದೇ ಬಾರಾಮುಂಡಿಗೆ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್‌ನಲ್ಲಿ ಕೆಳಗೂ ಮೇಲೂ ಅಳತೆಯ ಮಿತಿಯಿದೆ; ೫೮ ಸೆಂಟಿಮೀಟರಿಗಿಂತ ಚಿಕ್ಕದನ್ನೂ ೧೨೦ ಸೆಂಟಿಮೀಟರಿಗಿಂತ ದೊಡ್ಡದನ್ನೂ ಇಟ್ಟುಕೊಳ್ಳುವಂತಿಲ್ಲ. ಪೂರ್ವ ಕರಾವಳಿಯಲ್ಲಿ ನವೆಂಬರ್ ಒಂದರಿಂದ ಫೆಬ್ರವರಿ ಒಂದರವರೆಗೆ, ಅದರ ಹೆರಿಗೆಯ ಕಾಲದಲ್ಲಿ, ಅದನ್ನು ಹಿಡಿಯುವುದಕ್ಕೇ ನಿಷೇಧ. ಅಮೆರಿಕದ ಫ್ಲಾರಿಡಾದಲ್ಲಿ ಸ್ನೂಕ್ ಎಂಬ ಮೀನಿದೆ. ಅದೂ ಗಂಡಾಗಿ ಪ್ರಾಯಕ್ಕೆ ಬಂದು ಹೆಣ್ಣಾಗುವ ಜಾತಿಯೇ. ಅದಕ್ಕೆ ಪರವಾನಗಿ ಬೇಕು, ಅಳತೆಯ ಮಿತಿಯಿದೆ, ಮುಚ್ಚಿದ ತಿಂಗಳುಗಳಿವೆ, ದಿನಕ್ಕೆ ಒಬ್ಬನಿಗೆ ಒಂದೇ ಮೀನು. ನಮ್ಮವರು ಅಲ್ಲಿಂದ ರಾಡು ತಂದರು, ರೀಲು ತಂದರು, ಟೋಪಿಯನ್ನೂ ತಂದರು. ಅಳತೆಪಟ್ಟಿಯೊಂದನ್ನು ಮಾತ್ರ ಅಲ್ಲಿಯೇ ಬಿಟ್ಟು ಬಂದರು.

ಮೂರನೆಯ ವಾದ, ‘ಬಲೆಯವರು ಇನ್ನೂ ಹೆಚ್ಚು ಹಿಡೀತಾರ.’ ಹಿಡಿಯುತ್ತಾರೆ. ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೂ ಬಾಚುವವರು ಅಳಿವೆಗಳಲ್ಲಿ ಇದ್ದಾರೆ, ಅವರನ್ನು ಸಮರ್ಥಿಸಲಾರೆ. ನನಗೆ ಗಾಳ ಕಲಿಸಿದ ಆ ಅಂಬಿಗರೂ ಮಳೆಗಾಲದ ಕುರುಡೆಯನ್ನು ಬಿಡುತ್ತಿರಲಿಲ್ಲ. ಮಾರುತ್ತಿದ್ದರು, ಆ ಹಣದಿಂದ ಮಗನ ಶಾಲೆಯ ಪುಸ್ತಕ ಬರುತ್ತಿತ್ತು. ಅವರನ್ನು ಋಷಿಯಾಗಿಸಿ ಬರೆಯುವ ಇಚ್ಛೆ ನನಗಿಲ್ಲ. ಆದರೆ ಹಸಿದವನ ಜೊತೆ ತೂಕಕ್ಕೆ ಕುಳಿತು ತನ್ನ ತಟ್ಟೆ ಹಗುರವೆಂದು ಬೀಗುವುದು ಉಂಡವನಿಗೆ ಶೋಭಿಸುವುದಿಲ್ಲ.

ಆ ಅಳಿವೆ ಬಯಲು ಜಾಗವೇನಲ್ಲ. ಅಘನಾಶಿನಿ ಶಿರಸಿಯಿಂದ ಸಮುದ್ರದವರೆಗೆ ದೊಡ್ಡ ಅಣೆಕಟ್ಟೊಂದೂ ಇಲ್ಲದೆ ಹರಿಯುವ ಹೊಳೆ. ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರು, ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ, ಆ ಗದ್ದೆಗಳ ನೀರಿನಲ್ಲೇ ಬೆಳೆಯುವ ಶೆಟ್ಲಿ, ಕಾಂಡ್ಲಾ ಬೇರುಗಳ ನಡುವೆ ಅಡಗಿ ದೊಡ್ಡದಾಗುವ ಕುರುಡೆ, ಕೆಂಬೇರಿ ಮರಿಗಳು, ಎಲ್ಲವೂ ಒಂದೇ ನೀರಿನ ಸಂಸಾರ. ತದಡಿಯಲ್ಲಿ ಬೃಹತ್ ವಿದ್ಯುತ್ ಸ್ಥಾವರ ಬರುತ್ತದೆಂದಾಗ ದಂಡೆಯ ಜನ ಎದ್ದು ನಿಂತು ವಿರೋಧಿಸಿದರು, ಅದು ಬರಲಿಲ್ಲ. ೨೦೨೪ರಲ್ಲಿ ಅಘನಾಶಿನಿ ಅಳಿವೆಯ ೪,೮೦೧ ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು. ಅವರು ಉಳಿಸಿಕೊಂಡ ಅಂಗಳಕ್ಕೆ ನಾವು ಹೋಗುವಾಗ ಬಾಗಿಲಲ್ಲಿ ನಿಂತು ಕೇಳುವುದು ರೂಢಿಯ ಮರ್ಯಾದೆ. ಆ ದಿನ ನೀನು ಯಾವ ದೋಣಿಯವರನ್ನು ಕೇಳಿದೆ?

ಇನ್ನು ನನ್ನ ತಮ್ಮನ ಕಡೆಗೆ. ಅವನ ‘ಪಾಪ’ ಎಂಬ ಮಾತಿನಲ್ಲಿ ನಮ್ಮ ಸೀಮೆಯ ಅನೇಕ ಬಂಧುಗಳ ಧ್ವನಿಯಿದೆ. ಮೀನು ಮುಟ್ಟದ ಕೈ ನಮ್ಮದು, ನಿಜ. ಆ ಕೈಗಳು ಕಬ್ಬಿಗೆ ಸುರಿದ ಗೊಬ್ಬರ, ಔಷಧಿ ಮಳೆಯಲ್ಲಿ ಎಲ್ಲಿಗೆ ಹರಿದವು? ೨೦೨೩ರ ಮಾರ್ಚ್‌ನಲ್ಲಿ ನಮಗಿಂತ ಮೇಲೆ, ಸಾಂಗ್ಲಿಯ ಪಕ್ಕದ ಅಂಕಲಿಯ ಬಳಿ, ಇದೇ ಕೃಷ್ಣೆಯಲ್ಲಿ ಸತ್ತ ಮೀನುಗಳು ರಾಶಿರಾಶಿಯಾಗಿ ತೇಲಿದವು. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿದು, ಮಹಾರಾಷ್ಟ್ರ ನೀರು ಬಿಡಲಿ ಎಂದು ನಾವು ಕಾಯುವಾಗ, ಪಂಪಸೆಟ್ಟಿನ ಬಾಯಿಗಳೆಲ್ಲ ಆ ಮಡುಗಳಲ್ಲೇ ಇರುತ್ತವೆ. ಒಂದು ಮೀನನ್ನು ಹಿಡಿದು ಬಿಟ್ಟವನು ಪಾಪಿ; ಹೊಳೆಯನ್ನೇ ಹೀರಿದವರು ನಾವು ಶುಚಿಗಳು. ತಮ್ಮಾ, ಈ ಲೆಕ್ಕ ನನಗೆ ತಾಳೆಯಾಗುತ್ತಿಲ್ಲ.

‘ಹಾಗಾದರೆ ಗಾಳ ಹಾಕುವ ಹವ್ಯಾಸವನ್ನೇ ನಿಷೇಧಿಸಿಬಿಡಿ’ ಎನ್ನುವವರಿಗೆ ನಮ್ಮದೇ ರಾಜ್ಯದ, ಸಿಹಿನೀರಿನ ಒಂದು ಕತೆ ಹೇಳಬೇಕು. ಕಾವೇರಿಯಲ್ಲಿ ಗೂನುಬೆನ್ನಿನ ಮಹಶೀರ್ ಎಂಬ ಮೀನಿದೆ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ೧೨೦ ಪೌಂಡ್ ತೂಕದ ಮಹಶೀರ್ ಹಿಡಿದದ್ದು ಇಂದಿಗೂ ಪ್ರಸಿದ್ಧ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳ ಬಿಡಾರಗಳಿಗೆ ದೇಶವಿದೇಶದ ಹವ್ಯಾಸಿಗಳು ಬಂದು, ಹಿಡಿದು, ತೂಗಿ, ಬರೆದಿಟ್ಟು, ಬಿಡುತ್ತಿದ್ದರು. ಅದು ವನ್ಯಧಾಮದ ಪ್ರದೇಶವೆಂಬ ಕಾರಣಕ್ಕೆ ೨೦೧೨ರ ಸುಮಾರಿಗೆ ಆ ಆಟ ನಿಂತಿತು. ಅನಂತರ ವಿಜ್ಞಾನಿಗಳು ೧೯೯೮ರಿಂದ ೨೦೧೨ರವರೆಗಿನ ಗಾಳಿಬೋರೆಯ ದಾಖಲೆ ಪುಸ್ತಕಗಳನ್ನು ತೆಗೆದು ನೋಡಿದರು. ಮಹಶೀರ್‌ಗಳ ಸಂಖ್ಯೆ ಹೆಚ್ಚುತ್ತಲೇ ಇತ್ತು, ಆದರೆ ಅವು ನೀಲಿರೆಕ್ಕೆಯವು. ಕಾವೇರಿಯ ಸ್ವಂತ ಗೂನುಬೆನ್ನಿನ ಜಾತಿ ಕಣ್ಮರೆಯಾಗುತ್ತಾ ಬಂದಿತ್ತು. ಆ ನೀಲಿರೆಕ್ಕೆಯ ಮೀನಿನ ತವರು ಯಾವುದು ಗೊತ್ತೇ? ನಮ್ಮ ಕೃಷ್ಣೆಯ ಜಲಾನಯನ. ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ ೧೮೩೯ರಲ್ಲಿ ಪುಣೆಯ ಮುಳಾ-ಮುಠಾ ಹೊಳೆಯ ಮೀನನ್ನು ನೋಡಿ ಅದಕ್ಕೆ ಶಾಸ್ತ್ರೀಯ ಹೆಸರಿಟ್ಟ. ಲೋಣಾವಳದಲ್ಲಿ ಮರಿ ಮಾಡಿಸಿ, ಒಳ್ಳೆಯ ಉದ್ದೇಶದಿಂದಲೇ, ಅದನ್ನು ಕಾವೇರಿಗೆ ತಂದು ಬಿಟ್ಟಿದ್ದರು. ಇಲ್ಲಿಯೂ ‘ಬಿಟ್ಟ’ ಪುಣ್ಯವೇ ಮೀನಿಗೆ ಮುಳುವಾಯಿತು! ಗೂನುಬೆನ್ನಿನ ಜಾತಿಗೆ ಶಾಸ್ತ್ರೀಯ ಹೆಸರು ಖಚಿತವಾದದ್ದು ೨೦೧೮ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು.

ಇದು ತಿಳಿದದ್ದು ಹವ್ಯಾಸಿಗಳ ನೋಟುಬುಕ್ಕುಗಳಿಂದ. ಅವರು ಬರೆದಿಡದಿದ್ದರೆ ಆ ಮೀನು ಯಾರ ಗಮನಕ್ಕೂ ಬಾರದೆ ಹೋಗುತ್ತಿತ್ತು. ಹೀಗಾಗಿ ನಿಷೇಧದ ಪಕ್ಷಕ್ಕೆ ನಾನು ಸೇರಲಾರೆ. ಗಾಳ ಹಿಡಿದವನು ಹೊಳೆಯ ಗುಮಾಸ್ತನೂ ಆಗಬಲ್ಲ. ಆದರೆ ಆಗಬೇಕು. ಮಳೆಗಾಲದ ಎರಡು ತಿಂಗಳು ಬೋಟು ನಿಂತಾಗ ಗಾಳವೂ ನಿಲ್ಲಬೇಕು, ಹುಣ್ಣಿಮೆ ಎಷ್ಟೇ ಆಸೆ ಹುಟ್ಟಿಸಲಿ. ದೊಡ್ಡ ಕುರುಡೆ ಸಿಕ್ಕರೆ ನೀರಿನಲ್ಲೇ ಗಾಳ ಬಿಡಿಸಿ ಕಳಿಸಬೇಕು, ಚಿತ್ರ ಬೇಕಿಲ್ಲ. ತಿನ್ನುವ ಮನೆಯವನಾದರೆ ನಡುವಿನ ಅಳತೆಯ ಒಂದನ್ನು ಒಯ್ದು ತಿನ್ನಲಿ, ನನ್ನ ಆಕ್ಷೇಪವಿಲ್ಲ. ಬಿಟ್ಟವನಿಗಿಂತ ಅವನು ಕೀಳೆಂದೂ ನಾನು ಭಾವಿಸುವುದಿಲ್ಲ. ಊರಿನ ದೋಣಿಯವರನ್ನೇ ಕೂಲಿ ಕೊಟ್ಟು ಕರೆದೊಯ್ಯಲಿ, ಅವರು ಬೇಡವೆಂದ ಜಾಗದಲ್ಲಿ ದಾರ ಬಿಡದಿರಲಿ. ಕಾರವಾರದಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಬರೆದ ಪುಸ್ತಕವನ್ನು ಅಲ್ಲಿಗೆ ಒಯ್ದು ತೋರಿಸಲಿ. ಸರಕಾರವೂ ಕ್ವೀನ್ಸ್‌ಲೆಂಡಿನಂತೆ ಅಳತೆಯ ನಿಯಮ ಮಾಡಲಿ, ಆದರೆ ಅದು ಬರುವವರೆಗೆ ಓದಿದವರಿಗೆ ಕಾಯ್ದೆಯೇ ಏಕೆ ಬೇಕು?

ಇಷ್ಟನ್ನೂ ಶಿಷ್ಯನಿಗೆ ಪತ್ರದಲ್ಲಿ ಬರೆದೆ. ಜೊತೆಗೆ ರಾಯಬಾಗದ ಅಂಗಡಿಯಿಂದ ಇನ್ನೂರು ಪುಟದ ಒಂದು ನೋಟುಬುಕ್ಕು ತರಿಸಿ, ಹಳೆಯ ಹಾಜರಿ ಪುಸ್ತಕದ ರೀತಿಯಲ್ಲಿ ನನ್ನ ಕೈಯಿಂದಲೇ ಗೆರೆ ಎಳೆದು ಅಂಚೆಗೆ ಹಾಕಿದೆ. ತಾರೀಖು, ತಿಥಿ, ಉಬ್ಬರವೋ ಇಳಿತವೋ, ಯಾವ ಮೀನು, ಎಷ್ಟು ಉದ್ದ, ಗಾಳ ಎಲ್ಲಿ ತಾಗಿತ್ತು, ನೀರಿನ ಹೊರಗೆ ಎಷ್ಟು ಕ್ಷಣ, ಬಿಟ್ಟಾಗ ಹೇಗೆ ಹೋಯಿತು, ಜೊತೆಗಿದ್ದ ದೋಣಿಯವರು ಏನು ಹೇಳಿದರು. ಮೊದಲನೆಯ ಸಾಲನ್ನು ನಾನೇ ತುಂಬಿದೆ: ಜುಲೈ, ಕುರುಡೆ, ಮೂರೂವರೆ ಅಡಿ, ಹೆಣ್ಣು. ಉಳಿದ ಮನೆಗಳನ್ನು ಅವನಿಗೆ ಬಿಟ್ಟಿದ್ದೇನೆ.

‘ನೋಟಬುಕ್ಕ ಮುಟ್ಟಿತ್ರೀ ಗುರುಗಳ’ ಎಂದಷ್ಟೇ ಬರೆದಿದ್ದಾನೆ. ತಮ್ಮ ಮಾತ್ರ ಪಂಪಸೆಟ್ಟಿನ ಮಾತಿಗೆ ಸಿಟ್ಟಾಗಿ ಎರಡು ದಿನ ಚಹಾಕ್ಕೆ ಬರಲಿಲ್ಲ. ಮೂರನೆಯ ದಿನ ಬಂದು, ಆ ಗಂಡುಮೀನು ಹೆಣ್ಣಾಗುವುದು ಖರೆಯೇ ಎಂದು ಕೇಳಿದ.